ಫಿಸಿಯೋಥೆರಪಿಸ್ಟ್ 'ಡಾಕ್ಟರ್' ಅಲ್ಲವೇ? ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಪತ್ರದ ಅರ್ಧ ಕಥೆ

"ಫಿಸಿಯೋಥೆರಪಿಸ್ಟ್‌ಗಳು ಇನ್ನು ಮುಂದೆ ಹೆಸರಿನ ಹಿಂದೆ ಡಾಕ್ಟರ್ ಅಂತ ಹಾಕಿಕೊಳ್ಳುವಂತಿಲ್ಲ, ಕೇಂದ್ರ ಸರ್ಕಾರದ ಆದೇಶ." ಇಂಥ ಒಕ್ಕಣೆಯ ಜೊತೆ ಇಂಗ್ಲಿಷಿನ ಸರ್ಕಾರಿ ಪತ್ರವೊಂದರ ಫೋಟೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಪತ್ರದಲ್ಲಿ ಮೊಹರು, ಸಹಿ ಎಲ್ಲ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಅದು ಗುಂಪಿನಿಂದ ಗುಂಪಿಗೆ ಹೋಗುತ್ತಾ ಬಾಲ ಬೆಳೆಸಿಕೊಳ್ಳುತ್ತದೆ. "ಇವರೆಲ್ಲ ನಕಲಿ ಡಾಕ್ಟರು, ಕರೆಂಟ್ ಕೊಟ್ಟು, ಮಸಾಜ್ ಮಾಡಿ ದುಡ್ಡು ಕೀಳುತ್ತಾರೆ ಅಷ್ಟೇ" ಎಂಬ ಮಾತು ಸೇರಿಕೊಳ್ಳುತ್ತದೆ.

ಪತ್ರ ನಿಜ. ಆದರೆ ಅದರ ಆಯಸ್ಸು ಒಂದೇ ದಿನ.

ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಭಾರತೀಯ ವೈದ್ಯಕೀಯ ಸಂಘಕ್ಕೆ ಈ ಪತ್ರ ಬರೆದದ್ದು 2025ರ ಸೆಪ್ಟೆಂಬರ್ 9ರಂದು. ಮರುದಿನ, ಅಂದರೆ ಸೆಪ್ಟೆಂಬರ್ 10ರಂದು, ಅದೇ ಕಚೇರಿಯಿಂದ ಇನ್ನೊಂದು ಪತ್ರ ಹೊರಟಿತು. ಈ ವಿಷಯದಲ್ಲಿ ಹಲವು ಮನವಿಗಳು ಬಂದಿವೆ, ಇನ್ನಷ್ಟು ಪರಿಶೀಲನೆ ಬೇಕಿದೆ, ಹಾಗಾಗಿ ಹಿಂದಿನ ಪತ್ರವನ್ನು ಹಿಂಪಡೆಯಲಾಗಿದೆ ಎಂಬುದು ಅದರ ಸಾರಾಂಶ. ಮೊದಲನೆಯ ಪತ್ರ ಇವತ್ತಿಗೂ ಫಾರ್ವರ್ಡ್ ಆಗುತ್ತಲೇ ಇದೆ, ಎರಡನೆಯದು ಹೆಚ್ಚು ಜನರಿಗೆ ತಲುಪಲೇ ಇಲ್ಲ. (ಸೆಪ್ಟೆಂಬರ್ 8 ವಿಶ್ವ ಫಿಸಿಯೋಥೆರಪಿ ದಿನ. ಅಭಿನಂದನೆಯ ಸ್ಟೇಟಸ್ ಹಾಕಿಕೊಂಡವರು ಮರುದಿನವೇ ಈ ಪತ್ರ ನೋಡಬೇಕಾಯಿತು.)

ಜಗಳ ಶುರುವಾದದ್ದು ಎಲ್ಲಿಂದ?

2021ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗದ ಕಾಯ್ದೆ ಎಂಬುದು ಅದರ ಉದ್ದನೆಯ ಹೆಸರು. ಲ್ಯಾಬ್ ಟೆಕ್ನಿಷಿಯನ್, ಡಯಾಲಿಸಿಸ್ ಟೆಕ್ನಿಷಿಯನ್, ಆಪ್ಟೋಮೆಟ್ರಿಸ್ಟ್, ಫಿಸಿಯೋಥೆರಪಿಸ್ಟ್ ಹೀಗೆ ಐವತ್ತಕ್ಕೂ ಹೆಚ್ಚು ವೃತ್ತಿಗಳು ಅದರ ವ್ಯಾಪ್ತಿಗೆ ಬಂದವು. ಡಾಕ್ಟರುಗಳಿಗೆ, ನರ್ಸುಗಳಿಗೆ ಬಹಳ ಹಿಂದಿನಿಂದಲೇ ರಾಷ್ಟ್ರಮಟ್ಟದ ಕೌನ್ಸಿಲ್ ಇತ್ತು. ಇವರಿಗೆ ಅಂಥದ್ದು ಅಲ್ಲಿಯವರೆಗೂ ಇರಲಿಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಿಕೊಂಡರೆ ಕೇಳುವವರು ಯಾರು ಎಂಬ ಪ್ರಶ್ನೆಗೆ ದೇಶಕ್ಕೆಲ್ಲ ಅನ್ವಯಿಸುವ ಉತ್ತರವೇ ಇರಲಿಲ್ಲ.

ಆ ಕಾಯ್ದೆಯಲ್ಲಿ ಫಿಸಿಯೋಥೆರಪಿಸ್ಟ್ ಯಾರು ಎಂಬ ವ್ಯಾಖ್ಯೆ ಇದೆ. ರೋಗಿಯನ್ನು ಸಮಗ್ರವಾಗಿ ಪರೀಕ್ಷಿಸಿ, ಚಲನೆಯ ತೊಂದರೆ, ನೋವು, ಅಂಗವೈಕಲ್ಯಗಳಿಗೆ ವ್ಯಾಯಾಮ, ಕೀಲುಗಳ ಚಾಲನೆ, ವಿದ್ಯುತ್ ಹಾಗೂ ಶಾಖದ ಸಾಧನಗಳಿಂದ ಚಿಕಿತ್ಸೆ ಕೊಡುವವರು. ಸ್ವತಂತ್ರವಾಗಿಯೂ ಕೆಲಸ ಮಾಡಬಹುದು, ತಂಡದ ಭಾಗವಾಗಿಯೂ ಮಾಡಬಹುದು. ಕನಿಷ್ಠ ಪದವಿ ಓದಿರಬೇಕು. 'ಸ್ವತಂತ್ರವಾಗಿಯೂ' ಎಂಬ ಒಂದು ಪದ ಇಲ್ಲಿ ಬಹಳ ತೂಕದ್ದು.

2025ರ ಏಪ್ರಿಲ್‌ನಲ್ಲಿ ಆಯೋಗ ಫಿಸಿಯೋಥೆರಪಿಗೆ ಹೊಸ ಪಠ್ಯಕ್ರಮ ಪ್ರಕಟಿಸಿತು. ಪದವೀಧರರು ಹೆಸರಿನ ಹಿಂದೆ 'ಡಾ.' ಎಂದೂ, ಮುಂದೆ 'ಪಿಟಿ' ಎಂದೂ ಸೇರಿಸಿಕೊಳ್ಳಬಹುದು ಎಂಬ ಸೂಚನೆ ಅದರಲ್ಲಿತ್ತು. ಇದನ್ನು ವೈದ್ಯರ ಸಂಘಗಳು ಒಪ್ಪಲಿಲ್ಲ. ಹೆಚ್ಚು ಗಟ್ಟಿಯಾಗಿ ಆಕ್ಷೇಪ ಎತ್ತಿದವರು ಪುನರ್ವಸತಿ ವೈದ್ಯರು, ಅಂದರೆ ಎಂಬಿಬಿಎಸ್ ಮುಗಿಸಿ ಇದೇ ಕ್ಷೇತ್ರದಲ್ಲಿ ಎಂಡಿ ಮಾಡಿದವರು. ಅವರ ವಾದವನ್ನೇ ಸೆಪ್ಟೆಂಬರ್ 9ರ ಪತ್ರ ಎತ್ತಿಕೊಂಡಿತ್ತು. ಪಟ್ನಾ ಮತ್ತು ಮದ್ರಾಸ್ ಹೈಕೋರ್ಟುಗಳ ಹಳೆಯ ಆದೇಶಗಳನ್ನು, 1916ರ ವೈದ್ಯಕೀಯ ಪದವಿಗಳ ಕಾಯ್ದೆಯನ್ನು ಉಲ್ಲೇಖಿಸಿತ್ತು. ಡಾಕ್ಟರ್ ಎಂಬ ಬಿರುದಿನಿಂದ ರೋಗಿಗಳು ದಾರಿ ತಪ್ಪುತ್ತಾರೆ, ಫಿಸಿಯೋಥೆರಪಿಸ್ಟ್‌ಗಳು ವೈದ್ಯರು ಕಳಿಸಿದ ರೋಗಿಗಳನ್ನಷ್ಟೇ ನೋಡಬೇಕು ಎಂದಿತ್ತು.

ಬಿರುದಿನ ಪ್ರಶ್ನೆ ಇತ್ಯರ್ಥ ಮಾಡುವುದು ಸರ್ಕಾರಕ್ಕೂ ಕೋರ್ಟಿಗೂ ಬಿಟ್ಟದ್ದು. ನಮ್ಮ ಅಭಿಪ್ರಾಯ ಕೇಳಿದರೆ, ರೋಗಿಗೆ 'ಡಾ.' ಎಂಬ ಒಂದಕ್ಷರಕ್ಕಿಂತ ಎದುರಿಗೆ ಕುಳಿತವರು ಏನು ಓದಿದ್ದಾರೆ ಎಂಬುದು ಮುಖ್ಯ. ಪಿಎಚ್‌.ಡಿ ಮಾಡಿದ ಕನ್ನಡ ಮೇಷ್ಟ್ರೂ ಡಾಕ್ಟರೇ. ಅವರ ಹತ್ತಿರ ಯಾರೂ ಜ್ವರಕ್ಕೆ ಮಾತ್ರೆ ಕೇಳುವುದಿಲ್ಲ. ಆದರೆ ಕ್ಲಿನಿಕ್ಕಿನಲ್ಲಿ ಬಿಳಿ ಕೋಟು ಹಾಕಿ ಕುಳಿತವರ ವಿಷಯ ಬೇರೆ. ಅಲ್ಲಿ ಗೊಂದಲ ಆಗುವುದು ಸಹಜ. ಹಾಗಾಗಿ ಯಾವ ಬಿರುದು ಉಳಿದರೂ 'ಫಿಸಿಯೋಥೆರಪಿಸ್ಟ್' ಎಂಬ ಪದ ಬೋರ್ಡಿನಲ್ಲಿ ಸ್ಪಷ್ಟವಾಗಿ, ದೊಡ್ಡದಾಗಿ ಇರಬೇಕು.

ನೂರಮೂವತ್ತು ವರ್ಷದ ಹಳೆಯ ವಾದ

'ವೈದ್ಯರು ಕಳಿಸಿದರೆ ಮಾತ್ರ' ಎಂಬ ನಿಯಮವನ್ನು ಮೊದಲು ತಮ್ಮ ಮೇಲೆ ತಾವೇ ಹೇರಿಕೊಂಡವರು ಈ ವೃತ್ತಿಯವರೇ ಎಂಬುದು ಸ್ವಾರಸ್ಯ. 1894ರ ಲಂಡನ್‌ನಲ್ಲಿ ಮಸಾಜ್ ಪಾರ್ಲರ್ ಹೆಸರಿನಲ್ಲಿ ವೇಶ್ಯಾಗೃಹಗಳು ನಡೆಯುತ್ತಿವೆ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್ ಬರೆಯಿತು. ನಿಜವಾಗಿ ಚಿಕಿತ್ಸೆಯ ಕೆಲಸ ಮಾಡುತ್ತಿದ್ದ ನರ್ಸುಗಳ ಮರ್ಯಾದೆಗೆ ಕುತ್ತು ಬಂತು. ಆಗ ನಾಲ್ವರು ನರ್ಸುಗಳು ಸೇರಿ ಒಂದು ಸಂಘ ಕಟ್ಟಿದರು, ಪರೀಕ್ಷೆ ಇಟ್ಟರು, ವೈದ್ಯರ ಸೂಚನೆ ಇಲ್ಲದೆ ಕೆಲಸ ಮಾಡುವುದಿಲ್ಲ ಎಂದು ನಿಯಮ ಬರೆದುಕೊಂಡರು. ಅದೇ ಸಂಘ ಇವತ್ತು ಬ್ರಿಟನ್ನಿನ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿ.

1970ರ ದಶಕದಲ್ಲಿ ಆಸ್ಟ್ರೇಲಿಯಾ, ಬ್ರಿಟನ್ ಎರಡೂ ಕಡೆ ಈ ಕಟ್ಟು ಸಡಿಲಾಯಿತು. ಅಮೆರಿಕದಲ್ಲಿ 2015ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಒಂದಲ್ಲ ಒಂದು ಮಟ್ಟಿಗೆ ರೋಗಿ ನೇರವಾಗಿ ಫಿಸಿಯೋಥೆರಪಿಸ್ಟ್ ಬಳಿ ಹೋಗಲು ಅವಕಾಶ ಸಿಕ್ಕಿತು. ಬ್ರಿಟನ್ನಿನಲ್ಲಿ ಕಾನೂನು ಕಾಯುವುದು 'ಫಿಸಿಯೋಥೆರಪಿಸ್ಟ್' ಎಂಬ ಪದವನ್ನೇ. ನೋಂದಣಿ ಇಲ್ಲದವರು ಆ ಪದ ಬಳಸಿದರೆ ಅಪರಾಧ. ನಮ್ಮಲ್ಲಿ ಎಲ್ಲರೂ 'ಡಾ.'ಗಾಗಿ ಕಿತ್ತಾಡುತ್ತಿದ್ದರೆ, ಆರು ತಿಂಗಳ ಸರ್ಟಿಫಿಕೇಟ್ ಹಿಡಿದವರು ಆರಾಮಾಗಿ 'ಫಿಸಿಯೋ' ಎಂದು ಬೋರ್ಡ್ ಬರೆಸಿಕೊಂಡಿರುತ್ತಾರೆ.

ಭಾರತಕ್ಕೆ ಈ ವೃತ್ತಿ ಬಂದದ್ದು ಪೋಲಿಯೋ ಬೆನ್ನಿಗೆ. 1950ರ ದಶಕದ ಮೊದಲಲ್ಲಿ ಮುಂಬೈಯಲ್ಲಿ ಪೋಲಿಯೋ ಹಾವಳಿ ಎದ್ದಾಗ, ಬದುಕುಳಿದ ಮಕ್ಕಳ ಕೈಕಾಲಿಗೆ ಬಲ ತುಂಬುವವರು ಬೇಕಾದರು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ಶುರುವಾಯಿತು.

'ಬರೀ ಕರೆಂಟ್ ಕೊಡ್ತಾರೆ' ಎಂಬ ಮಾತು

ಫಾರ್ವರ್ಡಿನ ಬಾಲಕ್ಕೆ ಈಗ ಬರೋಣ. ಈ ಆರೋಪವನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ.

ಸೊಂಟನೋವು ಎಂದು ಹೋದರೆ ಹಲವು ಕಡೆ ನಡೆಯುವುದು ಹೀಗೆ: ಬೆಂಚಿನ ಮೇಲೆ ಬೋರಲು ಮಲಗಿಸುತ್ತಾರೆ, ಸೊಂಟಕ್ಕೆ ನಾಲ್ಕು ಪ್ಯಾಡ್ ಅಂಟಿಸುತ್ತಾರೆ, ಯಂತ್ರ ಆನ್ ಮಾಡಿ ಪರದೆ ಎಳೆದು ಪಕ್ಕದ ಬೆಂಚಿಗೆ ಹೋಗುತ್ತಾರೆ. ಹದಿನೈದು ನಿಮಿಷ ಚುಮುಚುಮು. ಆಮೇಲೆ ಜೆಲ್ ಹಚ್ಚಿ ಇನ್ನೊಂದು ಯಂತ್ರದ ತಲೆಯಿಂದ ಐದು ನಿಮಿಷ ಉಜ್ಜುತ್ತಾರೆ. "ಹತ್ತು ಸಿಟ್ಟಿಂಗ್ ಆಗಬೇಕು" ಎನ್ನುತ್ತಾರೆ. ವ್ಯಾಯಾಮ ಹೇಳಿಕೊಡುವುದು ಹೊರಡುವಾಗ ಎರಡು ನಿಮಿಷ, ಅದೂ ಒಂದು ಜೆರಾಕ್ಸ್ ಹಾಳೆ ಕೈಗಿಟ್ಟು.

ಮೊದಲನೆಯ ಯಂತ್ರ ಸಾಮಾನ್ಯವಾಗಿ ಐಎಫ್‌ಟಿ. ಸೆಕೆಂಡಿಗೆ ಸುಮಾರು 4,000 ಸಲ ಏರಿಳಿಯುವ ಎರಡು ವಿದ್ಯುತ್ ಪ್ರವಾಹಗಳನ್ನು ಅಡ್ಡಡ್ಡ ಹಾಯಿಸಿದಾಗ, ಅವು ಸೇರುವಲ್ಲಿ ನಿಧಾನ ಗತಿಯ ಮಿಡಿತ ಹುಟ್ಟುತ್ತದೆ. ಅದನ್ನು ನರಗಳು ಗ್ರಹಿಸುತ್ತವೆ. ಪೆಟ್ಟು ಬಿದ್ದ ಜಾಗವನ್ನು ತಕ್ಷಣ ಕೈಯಿಂದ ಉಜ್ಜಿಕೊಂಡರೆ ನೋವು ಸ್ವಲ್ಪ ತಗ್ಗಿದಂತೆ ಅನಿಸುವುದಿಲ್ಲವೇ? ಸ್ಪರ್ಶದ ಸಂದೇಶ ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಅಡ್ಡ ನಿಲ್ಲುತ್ತದೆ ಎಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ವಿವರಿಸಿದ್ದರು. ಕರೆಂಟಿನ ಹಿಂದಿರುವ ತರ್ಕವೂ ಅದೇ. ಹಾಗಾಗಿ ಯಂತ್ರದ ಕೆಳಗೆ ಮಲಗಿರುವಾಗ ಹಾಯೆನಿಸುವುದು ಸುಳ್ಳಲ್ಲ. ಆದರೆ ದುರ್ಬಲವಾದ ಸ್ನಾಯು ಅದರಿಂದ ಬಲವಾಗುವುದಿಲ್ಲ, ಬಿಗಿದ ಕೀಲು ಬಾಗುವುದಿಲ್ಲ. ಎರಡನೆಯ ಯಂತ್ರ ಅಲ್ಟ್ರಾಸೌಂಡ್. ಅದರಲ್ಲಿ ರೋಗಿಗೆ ಹೆಚ್ಚೇನೂ ಅನುಭವಕ್ಕೇ ಬರುವುದಿಲ್ಲ. ಅದಕ್ಕೇ ಪ್ರಯೋಗಗಳಲ್ಲಿ ಆನ್ ಮಾಡದ ಯಂತ್ರದ ಜೊತೆ ಅದನ್ನು ಹೋಲಿಸಿ ನೋಡುವುದು ಸುಲಭ.

ಬ್ರಿಟನ್ನಿನಲ್ಲಿ ಯಾವ ಚಿಕಿತ್ಸೆಗೆ ಪುರಾವೆ ಇದೆ ಎಂದು ತೂಗಿ ನೋಡಿ ಮಾರ್ಗಸೂಚಿ ಹೊರಡಿಸುವ 'ನೈಸ್' ಎಂಬ ಸರ್ಕಾರಿ ಸಂಸ್ಥೆ ಇದೆ. ಸೊಂಟನೋವಿನ ಬಗ್ಗೆ ಅದು 2016ರಲ್ಲಿ ಹೇಳಿದ್ದು ನೇರವಾಗಿದೆ: ಅಲ್ಟ್ರಾಸೌಂಡ್ ಕೊಡಬೇಡಿ, ಐಎಫ್‌ಟಿ ಕೊಡಬೇಡಿ, ಟೆನ್ಸ್ ಕೊಡಬೇಡಿ, ಸೊಂಟ ಎಳೆಯುವ ಟ್ರಾಕ್ಷನ್ ಬೇಡ, ಬೆಲ್ಟೂ ಬೇಡ. ಶಿಫಾರಸು ಮಾಡಿದ್ದು ವ್ಯಾಯಾಮ. ಕೈಯಿಂದ ಮಾಡುವ ಚಿಕಿತ್ಸೆ ಕೊಡಬಹುದು, ಆದರೆ ವ್ಯಾಯಾಮದ ಜೊತೆಗೆ ಸೇರಿಸಿ ಮಾತ್ರ.

ಅಂದ ಮೇಲೆ ಯಂತ್ರಗಳೆಲ್ಲ ಮೋಸವೇ? ಹಾಗಲ್ಲ. ಮಂಡಿ ಆಪರೇಷನ್ ಆದ ಮೇಲೆ ತೊಡೆಯ ಸ್ನಾಯು ಎಚ್ಚರವಾಗದೇ ಇದ್ದಾಗ ಅದನ್ನು ಸಂಕುಚಿಸುವಂತೆ ಮಾಡಲು ವಿದ್ಯುತ್ ಪ್ರಚೋದನೆ ಉಪಯೋಗಕ್ಕೆ ಬರುತ್ತದೆ. ನೋವು ತಾತ್ಕಾಲಿಕವಾಗಿ ತಗ್ಗಿದರೆ ವ್ಯಾಯಾಮ ಮಾಡಲು ಧೈರ್ಯ ಬರುವವರೂ ಇದ್ದಾರೆ. ಊಟದಲ್ಲಿ ಉಪ್ಪಿನಕಾಯಿ ಇದ್ದಂತೆ. ಎಲೆ ತುಂಬ ಉಪ್ಪಿನಕಾಯಿಯನ್ನೇ ಬಡಿಸಿ ಊಟದ ಬಿಲ್ ಕೊಟ್ಟರೆ ಕೇಳುವ ಹಕ್ಕು ನಿಮಗಿದೆ.

ಕ್ಲಿನಿಕ್ಕುಗಳು ಹೀಗೇಕೆ ಆದವು ಎಂಬುದಕ್ಕೆ ನಮಗೆ ಕಾಣುವ ಕಾರಣ ಸರಳ. ಒಬ್ಬರ ಕೈಕಾಲು ಹಿಡಿದು ನಲವತ್ತು ನಿಮಿಷ ವ್ಯಾಯಾಮ ಮಾಡಿಸುವ ಹೊತ್ತಿನಲ್ಲಿ ನಾಲ್ಕು ಬೆಂಚಿನಲ್ಲಿ ನಾಲ್ಕು ಯಂತ್ರ ಓಡಿಸಬಹುದು. ಇದಕ್ಕೆ ರೋಗಿಗಳಾದ ನಮ್ಮ ಪಾಲೂ ಇದೆ. ಯಂತ್ರ ಹಚ್ಚದೆ ಬರೀ ವ್ಯಾಯಾಮ ಹೇಳಿಕೊಟ್ಟರೆ "ಇಷ್ಟಕ್ಕೆ ಐನೂರು ರೂಪಾಯಿಯಾ?" ಎಂದು ಗೊಣಗುವವರು ನಾವೇ.

ಹಾಗಾದರೆ ಅಸಲಿ ಫಿಸಿಯೋಥೆರಪಿಯಿಂದ ಏನಾಗುತ್ತದೆ?

ಯಂತ್ರ ಬದಿಗಿಟ್ಟು ವ್ಯಾಯಾಮ ಮಾಡಿಸಿದರೆ ಆಗುವ ಲಾಭವನ್ನು ಅಳೆದು ನೋಡಿದ ಪ್ರಯೋಗಗಳಿವೆ. ಮಂಡಿಯಿಂದ ಶುರು ಮಾಡೋಣ, ಏಕೆಂದರೆ "ಮಂಡಿ ಸವೆದಿದೆ, ನಡೀಬೇಡಿ" ಎಂಬ ಸಲಹೆ ಕೇಳದ ಮನೆ ಇಲ್ಲ. 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ಮಂಡಿ ಸವೆತದ 156 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್, ಇನ್ನೊಂದಕ್ಕೆ ಫಿಸಿಯೋಥೆರಪಿ ಕೊಟ್ಟರು. ನೋವು, ಬಿಗಿತ, ಓಡಾಟದ ಕಷ್ಟ ಮೂರನ್ನೂ ಸೇರಿಸಿ 240ಕ್ಕೆ ಅಂಕ ಕೊಡುವ ಒಂದು ಅಳತೆ ಇದೆ, ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು. ವರ್ಷದ ಕೊನೆಗೆ ಇಂಜೆಕ್ಷನ್ ಗುಂಪಿನ ಸರಾಸರಿ 55.8, ಫಿಸಿಯೋಥೆರಪಿ ಗುಂಪಿನದು 37.

ಮಂಡಿಯೊಳಗಿನ ಗಾದಿಯಂಥ ಮೆನಿಸ್ಕಸ್ ಹರಿದಿದೆ ಎಂದು ಸ್ಕ್ಯಾನ್ ತೋರಿಸಿದರೆ ಆಪರೇಷನ್ ಆಗಲೇಬೇಕು ಎಂಬುದು ಇನ್ನೊಂದು ನಂಬಿಕೆ. 45 ದಾಟಿದ, ಸವೆತವೂ ಇರುವ 351 ಜನರಲ್ಲಿ ಇದನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳ ಬಳಿಕ ಆಪರೇಷನ್ ಗುಂಪಿಗೂ ಫಿಸಿಯೋಥೆರಪಿಯಿಂದ ಶುರು ಮಾಡಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಇಲ್ಲಿ ಒಂದು ಮಾತು ಮುಚ್ಚಿಡಬಾರದು: ಫಿಸಿಯೋಥೆರಪಿ ಗುಂಪಿನ ಸುಮಾರು 30 ಶೇಕಡಾ ಜನ ಆ ಆರು ತಿಂಗಳೊಳಗೇ ಆಪರೇಷನ್ ಕಡೆಗೆ ಹೊರಳಿದ್ದರು. ಅಂದರೆ ಎಲ್ಲರಿಗೂ ವ್ಯಾಯಾಮ ಸಾಲುವುದಿಲ್ಲ, ಆದರೆ ಅದರಿಂದ ಶುರು ಮಾಡಿದ್ದಕ್ಕೆ ನಷ್ಟವಾಗಲಿಲ್ಲ.

ಸೊಂಟನೋವಿಗೆ ಹಾಸಿಗೆ ಹಿಡಿದು ಮಲಗಬೇಕು ಎಂಬ ಹಳೆಯ ಪದ್ಧತಿಯನ್ನು 1986ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದರು. ಏಳು ದಿನ ಮಲಗಲು ಹೇಳಿಸಿಕೊಂಡವರಿಗಿಂತ ಎರಡೇ ದಿನ ಮಲಗಲು ಹೇಳಿಸಿಕೊಂಡವರು ಕೆಲಸಕ್ಕೆ ರಜೆ ಹಾಕಿದ್ದು 45 ಶೇಕಡಾ ಕಡಿಮೆ. ಇನ್ನುಳಿದಂತೆ ಎರಡೂ ಗುಂಪಿನ ಚೇತರಿಕೆ ಒಂದೇ. ಎಂಆರ್‌ಐ ವರದಿಯಲ್ಲಿ 'ಡಿಸ್ಕ್ ಬಲ್ಜ್' ಎಂದು ಬರೆದಿದೆ ಎಂದು ಕಂಗಾಲಾಗುವವರು ಇನ್ನೊಂದು ಅಂಕಿ ತಿಳಿದಿರಲಿ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ನೋಡಿದಾಗ, ಇಪ್ಪತ್ತರ ಹರೆಯದಲ್ಲೇ 30 ಶೇಕಡಾ ಜನರಲ್ಲಿ ಡಿಸ್ಕ್ ಉಬ್ಬಿತ್ತು, ಎಂಬತ್ತರಲ್ಲಿ 84 ಶೇಕಡಾ. ತಲೆಕೂದಲು ನೆರೆತಂತೆ ಡಿಸ್ಕೂ ಬದಲಾಗುತ್ತದೆ. ವರದಿಯಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ.

ವ್ಯಾಯಾಮಕ್ಕೂ ಹದ ಬೇಕು. ಲಕ್ವ ಹೊಡೆದ ಇಪ್ಪತ್ನಾಲ್ಕು ಗಂಟೆಯೊಳಗೆ ರೋಗಿಯನ್ನು ಎಬ್ಬಿಸಿ, ಹೆಚ್ಚೆಚ್ಚು ಸಲ ನಿಲ್ಲಿಸಿ ನಡೆಸಿದರೆ ಬೇಗ ಗುಣವಾಗಬಹುದು ಎಂದು ಭಾವಿಸಿ ಐದು ದೇಶಗಳ 2,104 ರೋಗಿಗಳಲ್ಲಿ ಪ್ರಯೋಗ ಮಾಡಿದರು. 2015ರಲ್ಲಿ ಬಂದ ಫಲಿತಾಂಶ ತಿರುಗುಮುರುಗು: ಹಾಗೆ ಮಾಡಿದವರಲ್ಲಿ 46 ಶೇಕಡಾ ಜನ ಚೆನ್ನಾಗಿ ಚೇತರಿಸಿಕೊಂಡರೆ, ಎಂದಿನ ಆರೈಕೆ ಪಡೆದವರಲ್ಲಿ 50 ಶೇಕಡಾ. ಯಾವಾಗ ಶುರು ಮಾಡಬೇಕು, ಎಷ್ಟು ಮಾಡಬೇಕು ಎಂದು ತಿಳಿದವರೇ ಹೇಳಬೇಕು. ಯೂಟ್ಯೂಬ್ ನೋಡಿ ಮನೆಯವರೇ ಕೈಕಾಲು ಎಳೆಯುವುದರ ಅಪಾಯವೂ ಇದೇ.

ಪತ್ರದಲ್ಲಿದ್ದ ಒಂದು ನಿಜವಾದ ಆತಂಕ

ಕೆಲವು ಕಾಯಿಲೆಗಳು ಮೈಕೈ ನೋವಿನ ವೇಷ ಹಾಕಿಕೊಂಡು ಬರುತ್ತವೆ, ಅಂಥವು ಫಿಸಿಯೋಥೆರಪಿಯಿಂದ ಕೆಡಬಹುದು ಎಂದು ಹಿಂಪಡೆದ ಆ ಪತ್ರ ಹೇಳಿತ್ತು. ಈ ಮಾತು ಸರಿ. ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಭಾಗ ಜೋಮು ಹಿಡಿದರೆ, ಕಾಲಿನ ಬಲ ಕುಂದುತ್ತಾ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆನ್ನುನೋವಿನೊಂದಿಗೆ ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದ ವಯಸ್ಸಾದವರು ಮೊದಲು ವೈದ್ಯರನ್ನೇ ನೋಡಲಿ. ಎಡಭುಜದ ನೋವಿನ ಜೊತೆ ಎದೆ ಹಿಡಿದಂತಾಗಿ ಬೆವರು ಬಂದರೆ ಅದು ಭುಜದ ಸಮಸ್ಯೆ ಅಲ್ಲದೇ ಇರಬಹುದು.

ಆಪರೇಷನ್ ಆಗಿ ಮಲಗಿದ್ದವರ ಒಂದು ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯತೊಡಗಿದರೆ ಎಣ್ಣೆ ಹಚ್ಚಿ ತಿಕ್ಕಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಸರಿಯಾಗಿ ಓದಿದ ಫಿಸಿಯೋಥೆರಪಿಸ್ಟ್ ಇಂಥ ಲಕ್ಷಣ ಕಂಡ ಕೂಡಲೇ ಯಂತ್ರ ಮುಟ್ಟದೆ ವೈದ್ಯರ ಬಳಿಗೆ ಕಳಿಸುತ್ತಾರೆ. ಅವರ ಓದಿನಲ್ಲಿ ಇದು ಸೇರಿದೆ. ಕಷ್ಟ ಇರುವುದು ಓದದವರ ಕೈಗೆ ಸಿಕ್ಕಿದಾಗ.

ಬೋರ್ಡ್ ಓದುವುದು ಹೇಗೆ, ಸೀಟು ಹಿಡಿಯುವ ಮುನ್ನ ಏನು ನೋಡಬೇಕು

ಓದಿದವರು ಎಂದು ಗೊತ್ತಾಗುವುದು ಪದವಿಯಿಂದ: ಬಿಪಿಟಿ, ಅದರ ಮೇಲೆ ಎಂಪಿಟಿ. ಕರ್ನಾಟಕದಲ್ಲಿ ಬಹುಪಾಲು ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿ ಬರುತ್ತವೆ. ಖಾಸಗಿ ಕ್ಲಿನಿಕ್ ಆದರೆ ಕೆಪಿಎಂಇ ನೋಂದಣಿ ಇದೆಯೇ ಎಂದು ಕೇಳಿ. 2021ರ ಕಾಯ್ದೆಯ ಪ್ರಕಾರ ರಾಜ್ಯ ಕೌನ್ಸಿಲ್‌ಗಳು ವೃತ್ತಿಪರರ ನೋಂದಣಿ ಪುಸ್ತಕ ಇಡಬೇಕು. ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ. ಓದಿದವರು ಖುಷಿಯಿಂದಲೇ ಹೇಳುತ್ತಾರೆ.

ಈ ಫಾರ್ವರ್ಡ್ ನೋಡಿ ಎದೆ ಒಡೆದುಕೊಂಡವರಲ್ಲಿ ಪಿಯುಸಿ ಮುಗಿಸಿ ಬಿಪಿಟಿ ಸೇರಿದ ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಇದ್ದಾರೆ. "ಡಾಕ್ಟರ್ ಅಲ್ಲ ಅಂದ್ರೆ ಮಗಳ ಓದು ದಂಡವಾಯ್ತಾ?" ಎಂಬ ಪ್ರಶ್ನೆಗೆ ಉತ್ತರ, ಇಲ್ಲ. ಪತ್ರ ಇದ್ದ ಆ ಒಂದು ದಿನವೂ ಪದವಿಗೆ ಏನೂ ಆಗಿರಲಿಲ್ಲ. ಬದಲಾಗುತ್ತಿರುವುದು ಕೋರ್ಸಿನ ಉದ್ದ. ಮೊದಲು ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ ಇದ್ದದ್ದು ಹೊಸ ಪಠ್ಯಕ್ರಮದಲ್ಲಿ ಐದು ವರ್ಷ, ಅದರಲ್ಲಿ ಒಂದು ವರ್ಷ ಪೂರ್ತಿ ಇಂಟರ್ನ್‌ಶಿಪ್. ಪ್ರವೇಶದ ನಿಯಮಗಳೂ ಬದಲಾಗುತ್ತಿರುವುದರಿಂದ ಏಜೆಂಟರ ಮಾತು ಬಿಟ್ಟು ಆಯಾ ವರ್ಷದ ಕೆಇಎ ಪ್ರಕಟಣೆ ನೋಡಿ. ಕಾಲೇಜು ಆರಿಸುವಾಗ ಕಟ್ಟಡದ ಫೋಟೊಗಿಂತ ಅದಕ್ಕೆ ಅಂಟಿಕೊಂಡ ಆಸ್ಪತ್ರೆಯಲ್ಲಿ ನಿಜಕ್ಕೂ ರೋಗಿಗಳು ಇದ್ದಾರೆಯೇ ಎಂದು ಒಂದು ಬೆಳಿಗ್ಗೆ ಹೋಗಿ ನೋಡಿ ಬನ್ನಿ. ವಿದೇಶದ ಆಸೆ ಇದ್ದರೆ ಬ್ರಿಟನ್‌ಗೆ ಅಲ್ಲಿನ ಎಚ್‌ಸಿಪಿಸಿ ನೋಂದಣಿ ಬೇಕು, ಅಮೆರಿಕಕ್ಕೆ ಪದವಿಯ ಮೌಲ್ಯಮಾಪನ ಆಗಿ ಪ್ರತ್ಯೇಕ ಪರೀಕ್ಷೆ ಪಾಸಾಗಬೇಕು. "ಬಿಪಿಟಿ ಮುಗಿದ ಕೂಡಲೇ ನೇರ ವೀಸಾ" ಎಂಬ ಜಾಹೀರಾತು ಬಂದರೆ, ದುಡ್ಡು ಕಟ್ಟುವ ಮೊದಲು ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಸೀನಿಯರ್ ಒಬ್ಬರಿಗೆ ಫೋನ್ ಮಾಡಿ.

ಆ ಸರ್ಕಾರಿ ಪತ್ರ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಅದರ ಮೇಲಿನ ತಾರೀಖು ನೋಡಿ. 9 ಎಂದಿದ್ದರೆ, ಕೆಳಗೆ 10ರ ಪತ್ರವನ್ನೂ ಹಾಕಿ.